ಕೈಗುಂಡಿ ಇಲ್ಲದ ಯಂತ್ರ ಮಾರಾಟಕ್ಕೆ ಯೋಗ್ಯವಲ್ಲ

ಹೊಸ ಯಂತ್ರ ಮನೆಯ ವೈಫೈಗೆ ಸೇರುತ್ತಿಲ್ಲ ಎಂದು ಸಹಾಯವಾಣಿಗೆ ಕರೆ ಮಾಡಿದವರಿಗೆ ಬಹುತೇಕ ಕಂಪನಿಗಳು ಕೊಡುವ ಉತ್ತರಗಳು ಮೂರೇ. ರೂಟರ್ ಆಫ್ ಮಾಡಿ ಆನ್ ಮಾಡಿ. ಪಾಸ್‌ವರ್ಡ್ ಇನ್ನೊಮ್ಮೆ ಸರಿಯಾಗಿ ಹಾಕಿ. ಅದಕ್ಕೂ ಬಗ್ಗದಿದ್ದರೆ, ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ. ಮೂರು ಉತ್ತರಗಳೂ ತಪ್ಪನ್ನು ಕೊಂಡವನ ತಲೆಗೇ ಕಟ್ಟುತ್ತವೆ. ಅವನೂ ಅದನ್ನು ನಂಬುತ್ತಾನೆ. ನಮಗೆ ಇಂಥದ್ದು ತಿಳಿಯುವುದಿಲ್ಲ ಬಿಡಿ ಎಂದು ಯಂತ್ರವನ್ನು ಮೂಲೆಗಿಟ್ಟು, ಕೊಟ್ಟ ದುಡ್ಡಿನ ಅರ್ಧದಷ್ಟೂ ಉಪಯೋಗವಿಲ್ಲದೆ ಸುಮ್ಮನಾಗುತ್ತಾನೆ. ಈ ಪತ್ರಿಕೆಯ ತೀರ್ಮಾನ ಬೇರೆ. ತಪ್ಪು ಯಂತ್ರ ತಯಾರಿಸಿದವನದು, ಅರ್ಧ ವಿಷಯ ಮುಚ್ಚಿಟ್ಟು ಮಾರಿದವನದು, ಇಬ್ಬರನ್ನೂ ಕೇಳದೆ ಕೂತ ಸರ್ಕಾರದ್ದು. ಕೊಂಡವನು ನಿರ್ದೋಷಿ.

ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಂಥ ಊರಿಗೆ ಈ ಮಾತು ಏಕೆ ಎಂದು ಯಾರಾದರೂ ಕೇಳಬಹುದು. ವೈಫೈಗೆ ಸೇರಿ ಚಳಿಗಾಲದಲ್ಲಿ ಮನೆಯ ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಅಲ್ಲಿಲ್ಲ, ಬೇಕಾಗಿಯೂ ಇಲ್ಲ. ಆದರೆ ಅದೇ ಕುಲದ ಯಂತ್ರಗಳು ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಸೀಮೆಗೆ ಎಂದೋ ಕಾಲಿಟ್ಟಿವೆ. ತೋಟದ ಬೋರಿನ ಪೆಟ್ಟಿಗೆಯೊಳಗೆ, ದೂರದಿಂದಲೇ ಫೋನಿನಲ್ಲಿ ಪಂಪ್ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಕೂತಿದೆ. ಅಡಿಕೆ ದುಡ್ಡಿನಲ್ಲಿ ಎದ್ದ ಆರ್‌ಸಿಸಿ ಮನೆಗಳಿಗೆ ವೈಫೈ ಇರುವ ಎಸಿ ಬರುತ್ತಿದೆ, ಗೀಸರ್ ಬರುತ್ತಿದೆ, ಗೇಟಿನ ಮೇಲೆ ಕ್ಯಾಮೆರಾ ಬರುತ್ತಿದೆ. ಮಗ ಬೆಂಗಳೂರಿನಲ್ಲೋ ಶಿಕಾಗೋದಲ್ಲೋ ಇದ್ದುಕೊಂಡು ಆರ್ಡರ್ ಮಾಡುತ್ತಾನೆ. ಜೋಡಿಸಿಕೊಳ್ಳಬೇಕಾದವರು ಊರಲ್ಲಿರುವ ಅಪ್ಪ ಅಮ್ಮ.

ಯಂತ್ರ ಏಕೆ ಸೇರುವುದಿಲ್ಲ ಎಂಬುದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯದ ಕಾರಣ ಇಲ್ಲಿ ಬರೆಯಬೇಕಾಗಿದೆ. ಈಗಿನ ಬಹುತೇಕ ರೂಟರ್‌ಗಳು ಎರಡು ತರಂಗಪಟ್ಟಿಗಳಲ್ಲಿ ಮಾತಾಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಭಾರತದಲ್ಲಿ ಮೊದಲನೆಯದನ್ನು ಲೈಸೆನ್ಸ್ ಇಲ್ಲದೆ ಬಳಸಲು 2005ರಲ್ಲಿ ಅವಕಾಶವಾಯಿತು, ಎರಡನೆಯದರ ಹೆಚ್ಚಿನ ಭಾಗಕ್ಕೆ 2018ರಲ್ಲಿ. ವೇಗ 5ಕ್ಕೆ ಹೆಚ್ಚು. ಗೋಡೆ ದಾಟಿ ದೂರ ಹೋಗುವುದು 2.4. ಎಸಿ, ಗೀಸರ್, ಥರ್ಮೋಸ್ಟಾಟ್‌ಗಳ ಒಳಗಿರುವ ಅಗ್ಗದ ವೈಫೈ ಚಿಪ್ಪಿಗೆ ಬಹುಪಾಲು 2.4 ಮಾತ್ರ ಗೊತ್ತು. ಫೈಬರ್ ಹಾಕಲು ಬಂದ ಹುಡುಗ ಎರಡಕ್ಕೂ ಒಂದೇ ಹೆಸರಿಟ್ಟು ಹೋಗಿರುತ್ತಾನೆ. ಮೊಬೈಲ್ 5ರಲ್ಲಿ ಕೂತಿದೆ, ಎಸಿ 2.4ರಲ್ಲಿ ಹುಡುಕುತ್ತಿದೆ, ಆ್ಯಪ್ ಎರಡನ್ನೂ ಜೋಡಿಸಲಾಗದೆ ‘ಏನೋ ತಪ್ಪಾಗಿದೆ’ ಎಂದು ಕೈ ಚೆಲ್ಲುತ್ತದೆ. ಏನು ತಪ್ಪಾಗಿದೆ ಎಂಬುದು ಆ ಆ್ಯಪ್ ಬರೆದ ಎಂಜಿನಿಯರಿಗೆ ಚೆನ್ನಾಗಿ ಗೊತ್ತು. ಹೇಳುವ ತೊಂದರೆ ತೆಗೆದುಕೊಂಡಿಲ್ಲ, ಅಷ್ಟೇ. ರೂಟರ್‌ನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟು, ಮೊಬೈಲನ್ನೂ ಅದೇ ಹೆಸರಿಗೆ ಸೇರಿಸಿ, ಆಮೇಲೆ ಯಂತ್ರ ಜೋಡಿಸಿದರೆ ಇಂಥ ದೂರುಗಳಲ್ಲಿ ಎಷ್ಟೋ ಅಲ್ಲಿಯೇ ಮುಗಿಯುತ್ತವೆ.

ಇನ್ನೊಂದು ಕಾರಣ ಇದಕ್ಕಿಂತ ಸಿಟ್ಟು ತರಿಸುವಂಥದ್ದು. ಜೋಡಿಸುವ ಹೊತ್ತಿನಲ್ಲಿ ಯಂತ್ರ ತಾನೇ ಒಂದು ತಾತ್ಕಾಲಿಕ ವೈಫೈ ಹೊರಡಿಸುತ್ತದೆ, ಮೊಬೈಲು ಅದಕ್ಕೆ ಸೇರಬೇಕು. ಆ ವೈಫೈನಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಇಂಟರ್‌ನೆಟ್ ಇಲ್ಲವೆಂದು ಕಂಡ ಕೂಡಲೇ ಮೊಬೈಲು ಅದನ್ನು ಬಿಟ್ಟು ಸಿಮ್ಮಿನ ಡೇಟಾಕ್ಕೆ ಹಾರುತ್ತದೆ, ಜೋಡಣೆ ಅರ್ಧಕ್ಕೇ ಕಡಿಯುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿ ಶುರುಮಾಡಿ ಎಂಬ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ಸಾಕಿತ್ತು. ಹಾಗೆಯೇ ಆಂಡ್ರಾಯ್ಡ್ ಫೋನುಗಳಲ್ಲಿ ಅಕ್ಕಪಕ್ಕದ ವೈಫೈ ಹುಡುಕಲು ಎಷ್ಟೋ ಆ್ಯಪ್‌ಗಳಿಗೆ ಲೊಕೇಶನ್ ಅನುಮತಿ ಬೇಕು. ಎಸಿಗೂ ನಾವಿರುವ ಜಾಗಕ್ಕೂ ಏನು ಸಂಬಂಧ ಎಂದು ಎಚ್ಚರದ ಮನುಷ್ಯ ಬೇಡ ಎಂದು ಒತ್ತುತ್ತಾನೆ. ಅವನ ಎಚ್ಚರ ಸರಿಯಾದದ್ದೇ. ಏಕೆ ಬೇಕು ಎಂದು ವಿವರಿಸದೆ, ಕೊಡದಿದ್ದರೆ ಏನಾಗುತ್ತದೆ ಎಂದೂ ತಿಳಿಸದೆ ಮೌನವಾಗಿ ಸೋಲುವ ಆ್ಯಪ್ ಅಪ್ರಾಮಾಣಿಕ.

ಮೂರನೆಯದು ಕರೆಂಟಿನದು. ಹಳ್ಳಿಯಲ್ಲಿ ಕರೆಂಟ್ ಹೋಗಿ ಬರುವುದು ದಿನದ ಮಾತು. ಬಂದಾಗ ಎಸಿಯೂ ರೂಟರೂ ಒಟ್ಟಿಗೆ ಏಳುತ್ತವೆ. ರೂಟರ್ ಪೂರ್ತಿ ಎದ್ದು ಫೈಬರ್‌ನ ಇನ್ನೊಂದು ತುದಿಯ ಜೊತೆ ಮಾತು ಕುದುರಿಸಿಕೊಳ್ಳಲು ಕೆಲವು ನಿಮಿಷ ಬೇಕು. ಕಳಪೆಯಾಗಿ ಬರೆದ ಯಂತ್ರ ಅಷ್ಟರಲ್ಲಿ ಒಂದೆರಡು ಸಲ ಹುಡುಕಿ, ಸಿಗಲಿಲ್ಲವೆಂದು ಹುಡುಕುವುದನ್ನೇ ಬಿಡುತ್ತದೆ. ಮತ್ತೆ ಮತ್ತೆ ಹುಡುಕುತ್ತಿರು ಎಂದು ಅದಕ್ಕೆ ಹೇಳಿಕೊಡುವುದು ತಯಾರಕನಿಗೆ ಒಂದು ಪೈಸೆಯ ಖರ್ಚಿನ ಕೆಲಸವೂ ಅಲ್ಲ. ಅದನ್ನು ಮಾಡದೆ, ರೂಟರ್ ಆರದಂತೆ ನೋಡಿಕೊಳ್ಳಲು ಜನರ ಮೇಲೆ 12 ವೋಲ್ಟಿನ ಸಣ್ಣ ಯುಪಿಎಸ್‌ನ ಖರ್ಚನ್ನೂ ಹೇರಲಾಗಿದೆ. ಲೋಡ್ ಶೆಡ್ಡಿಂಗ್ ಇರುವ ನಾಡಿನಲ್ಲಿ ಮಾರುವ ಯಂತ್ರವನ್ನು ಕರೆಂಟ್ ಹೋಗದ ನಾಡಿನಲ್ಲಿ ಪರೀಕ್ಷಿಸಿ ಪಾಸು ಮಾಡಿದ್ದು ಯಾರ ತಪ್ಪು?

ಇಂಟರ್‌ನೆಟ್ ಕೊಡುವವರಿಗೂ ಇದರಲ್ಲಿ ಪಾಲಿದೆ. ಹಳೆಯ ಪೆಟ್ಟಿಗೆ ಕೆಟ್ಟಾಗ ಹೊಸದು ತಂದಿಟ್ಟು, ತಮಗೆ ತೋಚಿದ ಹೆಸರು ಪಾಸ್‌ವರ್ಡ್ ಹಾಕಿ, ಬೈಕ್ ಹತ್ತಿ ಹೋಗುತ್ತಾರೆ. ಮನೆಯಲ್ಲಿ ವೈಫೈಗೆ ಸೇರಿದ್ದ ಪ್ರತಿಯೊಂದು ಯಂತ್ರವೂ ಅಂದೇ ಕಳಚಿ ಬೀಳುತ್ತದೆ. ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರ ತಪ್ಪದೆ ಹೊಸ ರೂಟರ್‌ಗೂ ಇಟ್ಟರೆ ಸಾಮಾನ್ಯವಾಗಿ ಯಾವುದನ್ನೂ ಮತ್ತೆ ಜೋಡಿಸಬೇಕಾಗಿಲ್ಲ, ಎಲ್ಲ ತಾವಾಗಿಯೇ ಬಂದು ಸೇರುತ್ತವೆ. ಹೊಸ ಪೆಟ್ಟಿಗೆಯಲ್ಲಿ ಭದ್ರತೆಯನ್ನು ಡಬ್ಲ್ಯುಪಿಎ3ಕ್ಕೆ ಮಾತ್ರ ಇಟ್ಟರೆ ಹಳೆಯ ಯಂತ್ರಗಳಿಗೆ ಬಾಗಿಲು ತೆರೆಯುವುದಿಲ್ಲ, ಡಬ್ಲ್ಯುಪಿಎ2 ಕೂಡ ನಡೆಯುವಂತೆ ಬಿಡಬೇಕು. ತಿಂಗಳು ತಿಂಗಳು ಹಣ ಪಡೆಯುವ ಸಂಸ್ಥೆ ತನ್ನ ಹುಡುಗರಿಗೆ ಇಷ್ಟನ್ನೂ ಕಲಿಸದೆ ಮನೆಗಳಿಗೆ ಕಳಿಸುವುದು ಸೇವೆ ಎನಿಸಿಕೊಳ್ಳುವುದಿಲ್ಲ.

ಎಸಿ ಸೇರದಿದ್ದರೆ ಒಂದು ರಾತ್ರಿ ಸೆಕೆ. ಅದರ ಮುಂದಿನ ಮುಚ್ಚಳ ಎತ್ತಿದರೆ ಸಾಮಾನ್ಯವಾಗಿ ಒಳಗೊಂದು ಸಣ್ಣ ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ರಿಮೋಟ್ ಇಲ್ಲದೆಯೂ ಎಸಿ ಚಾಲೂ ಆಗುತ್ತದೆ. ನಿಜವಾದ ಪೆಟ್ಟು ಬೀಳುವುದು ತೋಟದಲ್ಲಿ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ, ತ್ರೀ ಫೇಸ್ ಕೊಡುವುದು ದಿನಕ್ಕೆ 7 ಗಂಟೆ ಎಂಬುದು ಸರ್ಕಾರದ ಮಾತು. 2023ರ ಬರದಲ್ಲಿ ಅದು 5 ಗಂಟೆಗೆ ಇಳಿದು, ರೈತರು ಬೀದಿಗಿಳಿದ ಮೇಲೆ ಮತ್ತೆ 7ಕ್ಕೆ ಬಂತು. ಆ ಗಂಟೆಗಳು ಹಗಲಲ್ಲೇ ಬರುತ್ತವೆ ಎಂಬ ಭರವಸೆ ಇಲ್ಲ. ನಡುರಾತ್ರಿ ಬ್ಯಾಟರಿ ಹಿಡಿದು, ಹಾವಿನ ಭಯದಲ್ಲಿ ಬದುವಿನ ಮೇಲೆ ನಡೆದು, ಒದ್ದೆ ಕೈಯಲ್ಲಿ ಸ್ಟಾರ್ಟರ್ ಒತ್ತುವುದು ತಪ್ಪಲಿ ಎಂದೇ ರೈತ ಮೊಬೈಲ್ ಸ್ಟಾರ್ಟರ್ ತಂದದ್ದು. ಅದು ಶೋಕಿಯ ವಸ್ತುವಲ್ಲ. ಅದರ ಸಂಪರ್ಕ ಕಡಿದರೆ ಅವನು ಮತ್ತೆ ಅದೇ ಕತ್ತಲಿಗೆ ಇಳಿಯಬೇಕು. ಇಳಿಯದಿದ್ದರೆ ಬೇಸಿಗೆಯ ಸಾಲು ಬಿಸಿಲಿಗೆ ಅಡಿಕೆಯ ಹರಳು ಉದುರುತ್ತದೆ.

ಈ ಸ್ಟಾರ್ಟರ್‌ಗಳಲ್ಲಿ ಬಹಳಷ್ಟು ಕೆಲಸ ಮಾಡುವುದು 2ಜಿ ಸಿಮ್ಮಿನ ಮೇಲೆ. 2016ರಲ್ಲಿ ಬಂದ ಜಿಯೊ ಶುರುವಿನಿಂದಲೂ 4ಜಿ ಕಂಪನಿ, ಅದರ ಸಿಮ್ ಹಾಕಿದರೆ 2ಜಿ ಪೆಟ್ಟಿಗೆ ಮಿಸುಕುವುದಿಲ್ಲ. ಊರಿನಲ್ಲಿ ಚೆನ್ನಾಗಿ ಸಿಗುವ ಸಿಗ್ನಲ್ ಯಾವುದು, ತೋಟದ ಪೆಟ್ಟಿಗೆಯ ಹತ್ತಿರ ಯಾವುದು ಸಿಗುತ್ತದೆ ಎಂದು ಕೇಳದೆ ಮಾರುವ ಅಂಗಡಿಯವನು ಇದನ್ನು ಹೇಳುವುದಿಲ್ಲ. 2ಜಿ ಇನ್ನು ಎಷ್ಟು ವರ್ಷ ಎಂಬ ಪ್ರಶ್ನೆಯನ್ನು ತಯಾರಕ ಎತ್ತುವುದೇ ಇಲ್ಲ. ಏರ್‌ಟೆಲ್ 2020ರಲ್ಲಿ ದೇಶದಾದ್ಯಂತ 3ಜಿ ನಿಲ್ಲಿಸಿತು, ಅದೊಂದು ಎಚ್ಚರಿಕೆ ಆಗಬೇಕಿತ್ತು. ರೀಚಾರ್ಜಿನ ಹಿಂಸೆ ಬೇರೆ. ದಿನಕ್ಕೆ ಎರಡು ಮಿಸ್ಡ್ ಕಾಲ್ ಬಿಟ್ಟರೆ ಬೇರೇನೂ ಬೇಡದ ಪಂಪಿನ ಸಿಮ್ಮಿಗೂ ಡೇಟಾ ಸೇರಿಸಿದ ಪ್ಯಾಕನ್ನೇ ಹಾಕಿಸಬೇಕಾಗಿತ್ತು, ಮರೆತರೆ ಕೆಲ ದಿನಕ್ಕೆ ಒಳಬರುವ ಕರೆಯೂ ನಿಲ್ಲುತ್ತಿತ್ತು. ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಮೀಸಲಾದ ಪ್ಯಾಕ್ ಕೊಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ನಿಯಮ ತಿದ್ದಿದ್ದು 2024ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಬೇಡದ ಡೇಟಾಕ್ಕೆ ರೈತ ಕೊಟ್ಟ ಹಣದ ಲೆಕ್ಕ ಯಾರ ಹತ್ತಿರವೂ ಇಲ್ಲ.

ಹೊರದೇಶದಲ್ಲಿ ಇರುವವರ ಪಾಡು ಇದಕ್ಕಿಂತ ಮೇಲು ಎಂದುಕೊಳ್ಳಬಾರದು. ಅಮೆರಿಕದಲ್ಲಿ 2011ರ ಅಕ್ಟೋಬರಿನಲ್ಲಿ ನೆಸ್ಟ್ ಎಂಬ ಥರ್ಮೋಸ್ಟಾಟ್ 249 ಡಾಲರಿಗೆ ಮಾರುಕಟ್ಟೆಗೆ ಬಂತು. ಗೋಡೆಯ ಮೇಲಿನ ದುಂಡನೆಯ ಗಾಜು, ಮನೆಯವರ ಅಭ್ಯಾಸ ಕಲಿತು ತಾನೇ ಬಿಸಿ ತಂಪು ನೋಡಿಕೊಳ್ಳುತ್ತದೆ ಎಂಬ ಮಾತು. 2014ರ ಜನವರಿಯಲ್ಲಿ ಗೂಗಲ್ ಆ ಕಂಪನಿಯನ್ನು 320 ಕೋಟಿ ಡಾಲರಿಗೆ ಕೊಂಡಿತು. 2016ರ ಜನವರಿ, ನಡು ಚಳಿಗಾಲ. ದೂರದಿಂದ ಕಳಿಸಿದ ಸಾಫ್ಟ್‌ವೇರ್‌ನ ಒಂದು ದೋಷದಿಂದ ಅನೇಕ ಮನೆಗಳ ನೆಸ್ಟ್ ಬ್ಯಾಟರಿ ಬರಿದಾಯಿತು. ಮನೆಗಳು ತಣ್ಣಗಾದವು. ಆ ಚಳಿಯಲ್ಲಿ ಮನೆ ತಣ್ಣಗಾದರೆ ಕೂಸುಗಳಿಗೆ, ವಯಸ್ಸಾದವರಿಗೆ ಅಪಾಯ, ನಲ್ಲಿಯ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ಅದೇ ವರ್ಷ ಮೇ 15ರಂದು ಅದೇ ನೆಸ್ಟ್, ತಾನು ಕೊಂಡಿದ್ದ ರಿವಾಲ್ವ್ ಎಂಬ ಕಂಪನಿಯ 299 ಡಾಲರಿನ ಮನೆ ನಿಯಂತ್ರಕದ ಸರ್ವರ್ ಮುಚ್ಚಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಕರೆಂಟ್ ಇತ್ತು, ವೈಫೈ ಇತ್ತು. ದೂರದ ಕಚೇರಿಯಲ್ಲಿ ಯಾರೋ ತೀರ್ಮಾನಿಸಿದ್ದರಿಂದ ಅದು ನಿರುಪಯೋಗಿ ಆಯಿತು. 2025ರ ಅಕ್ಟೋಬರ್ 25ರಂದು ಮೊದಲ ಎರಡು ತಲೆಮಾರಿನ ನೆಸ್ಟ್ ಥರ್ಮೋಸ್ಟಾಟ್‌ಗಳನ್ನೂ ಗೂಗಲ್ ಆ್ಯಪಿನಿಂದ ಕಳಚಿತು. ಗೋಡೆಯ ಹತ್ತಿರ ಹೋಗಿ ಕೈಯಿಂದ ತಿರುಗಿಸಿದರೆ ಅವು ಇಂದಿಗೂ ನಡೆಯುತ್ತವೆ, ಅಷ್ಟರ ಮಟ್ಟಿಗೆ ಕಂಪನಿ ಮರ್ಯಾದೆ ಉಳಿಸಿಕೊಂಡಿದೆ. ಆದರೆ ಜನ 249 ಡಾಲರ್ ಕೊಟ್ಟದ್ದು ಕೈಯಿಂದ ತಿರುಗಿಸಲು ಅಲ್ಲ.

ಥರ್ಮೋಸ್ಟಾಟ್‌ಗೆ ಇಂಥ ಗತಿ ಬರಬೇಕಾಗಿರಲಿಲ್ಲ. ಹನಿವೆಲ್ ಕಂಪನಿ 1953ರಲ್ಲಿ ತಂದ ದುಂಡು ಥರ್ಮೋಸ್ಟಾಟಿನ ಒಳಗೆ ಇದ್ದದ್ದು ಎರಡು ಲೋಹ ಬೆಸೆದ ಒಂದು ಸುರುಳಿ ಮತ್ತು ಪಾದರಸದ ಒಂದು ಪುಟ್ಟ ಗಾಜಿನ ಕೊಳವೆ. ಚಳಿಗೆ ಸುರುಳಿ ಬಿಗಿಯುತ್ತದೆ, ಕೊಳವೆ ವಾಲುತ್ತದೆ, ಪಾದರಸ ಹರಿದು ಎರಡು ತಂತಿ ಕೂಡುತ್ತವೆ, ಒಲೆ ಹೊತ್ತುತ್ತದೆ. ವಿನ್ಯಾಸ ಹೆನ್ರಿ ಡ್ರೈಫಸ್ ಅವರದು. ಯಾರ ಅನುಮತಿಯೂ ಇಲ್ಲದೆ, ಯಾವ ಸರ್ವರನ್ನೂ ಕೇಳದೆ ಅವು ದಶಕಗಟ್ಟಲೆ ಗೋಡೆಯ ಮೇಲೆ ಕೆಲಸ ಮಾಡಿದವು. ಪಾದರಸ ವಿಷ, ಅದು ಹೋಗಬೇಕಾದದ್ದೇ. ಪಾದರಸದ ಜೊತೆಗೆ ಸ್ವಾವಲಂಬನೆಯನ್ನೂ ತೆಗೆಯಬೇಕಾಗಿರಲಿಲ್ಲ. ಈಗಿನ ಸ್ಮಾರ್ಟ್ ಥರ್ಮೋಸ್ಟಾಟ್‌ಗಳ ದೊಡ್ಡ ತಕರಾರು ವೈಫೈನದೂ ಅಲ್ಲ, ತಂತಿಯದು. 24 ವೋಲ್ಟ್ ನಿರಂತರವಾಗಿ ತರುವ ಸಿ ತಂತಿ ಹಳೆಯ ಅನೇಕ ಮನೆಗಳ ಗೋಡೆಯಲ್ಲಿ ಇಲ್ಲ. ಅದಿಲ್ಲದೆ ನಡೆಯುವ ಯಂತ್ರ ಬೇರೆ ತಂತಿಗಳಿಂದ ಚೂರು ಚೂರು ಕರೆಂಟ್ ಹೀರಿ ಬ್ಯಾಟರಿ ತುಂಬಿಕೊಳ್ಳುತ್ತದೆ. ಬ್ಯಾಟರಿ ಇಳಿದರೆ ಮೊದಲು ವೈಫೈಯನ್ನು ಆರಿಸುತ್ತದೆ. ಮನೆಯವರು ದಿನಗಟ್ಟಲೆ ರೂಟರ್ ತಡಕುತ್ತಾರೆ, ಕಾರಣ ಗೋಡೆಯ ಹಿಂದೆ ಇರುತ್ತದೆ. ‘ಬ್ಯಾಟರಿ ಸಾಲದು, ಅದಕ್ಕೇ ವೈಫೈ ಆರಿಸಿದ್ದೇನೆ’ ಎಂದು ಪರದೆಯ ಮೇಲೆ ಎದ್ದು ಕಾಣುವಂತೆ ಬರೆಯಲು ಏನು ಅಡ್ಡಿ?

ಬೇರೆ ದೇಶಗಳ ಸರ್ಕಾರಗಳು ಈ ಪ್ರಶ್ನೆಗಳನ್ನು ಕೇಳಲು ಶುರುಮಾಡಿವೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್‌ನೆಟ್‌ಗೆ ಸೇರುವ ಗೃಹಬಳಕೆಯ ಯಂತ್ರದ ತಯಾರಕನು ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಕೊಡುತ್ತೇನೆ ಎಂಬುದನ್ನು ಪ್ರಕಟಿಸಲೇಬೇಕು. ತಪ್ಪಿದರೆ ದಂಡ 1 ಕೋಟಿ ಪೌಂಡ್ ಅಥವಾ ಜಾಗತಿಕ ವಹಿವಾಟಿನ ಶೇ 4ರವರೆಗೆ, ಯಾವುದು ಹೆಚ್ಚೋ ಅದು. ಯುರೋಪಿನ ಒಕ್ಕೂಟದ ಇಂಥದೇ ಕಾಯ್ದೆ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದಿದ್ದು, ಅದರ ಮುಖ್ಯ ಹೊಣೆಗಾರಿಕೆಗಳು 2027ರ ಡಿಸೆಂಬರಿನಿಂದ ಬಿಗಿಯಾಗುತ್ತವೆ, ಸಾಮಾನ್ಯವಾಗಿ ಕನಿಷ್ಠ 5 ವರ್ಷದ ಬೆಂಬಲ ಕಡ್ಡಾಯ. ನಮ್ಮಲ್ಲಿ? ಕೇಂದ್ರದ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರ 2021ರಲ್ಲೇ ಇಂಥ ಯಂತ್ರಗಳಿಗೆ ಒಂದು ಸಂಹಿತೆ ಬರೆದಿಟ್ಟಿದೆ. ಪಾಲಿಸುವುದು ಬಿಡುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ರಿಪೇರಿಯ ಹಕ್ಕಿಗಾಗಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು, ಅದರ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಕೃಷಿ ಉಪಕರಣ ಇತ್ತು. ಆಮೇಲೆ ಆದದ್ದು ಒಂದು ಜಾಲತಾಣ. ಅದೇ ಸರ್ಕಾರಕ್ಕೆ ಎಸಿಯ ವಿಚಾರದಲ್ಲಿ ಮನಸ್ಸು ಮಾಡುವುದು ಗೊತ್ತಿದೆ: 2020ರ ಜನವರಿಯಿಂದ ಸ್ಟಾರ್ ಲೇಬಲ್ಲಿನ ಎಸಿಗಳು ಮೊದಲ ಬಾರಿ ಚಾಲೂ ಆಗುವಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ಕಡ್ಡಾಯ ಮಾಡಿತು, 2025ರ ಜೂನ್‌ನಲ್ಲಿ 20ರಿಂದ 28 ಡಿಗ್ರಿಯ ಮಿತಿಯೊಳಗೇ ಎಸಿಗಳನ್ನು ಕಟ್ಟಿಹಾಕುವ ಪ್ರಸ್ತಾವವನ್ನೂ ಮುಂದಿಟ್ಟಿತು. ಕೊಂಡವನ ಕೈಯನ್ನು 20 ಡಿಗ್ರಿಯ ಬಳಿ ತಡೆಯಲು ಹೊರಟ ಸರ್ಕಾರಕ್ಕೆ, ಮಾರಿದವನ ಕೈಯನ್ನು ಸರ್ವರ್ ಮುಚ್ಚುವ ಮುನ್ನ ತಡೆಯಲು ಏಕೆ ಆಗುವುದಿಲ್ಲ?

ರಾಜ್ಯ ಸರ್ಕಾರವೂ ತಪ್ಪಿಸಿಕೊಳ್ಳುವಂತಿಲ್ಲ. ರಾಜ್ಯದಲ್ಲಿ ತಯಾರಾಗುವ ಗ್ರಾಹಕ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಕನ್ನಡ ಬಂದರೆ ಸಂತೋಷ. ಆದರೆ ತ್ರೀ ಫೇಸ್ ಕರೆಂಟಿನ ಪೆಟ್ಟಿಗೆಗೆ ಜೋಡಿಸುವ ಸ್ಟಾರ್ಟರಿನ ಸೂಚನೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಉಳಿದರೆ ಅದರಿಂದ ಹೋಗುವುದು ಜೀವ.

ಹಾಗಾಗಿ ನಮ್ಮ ತೀರ್ಪು ಇದು. ನೀರು, ಬಿಸಿ, ತಂಪು ಇವುಗಳನ್ನು ಆಳುವ ಪ್ರತಿಯೊಂದು ಯಂತ್ರವೂ ಸಂಪರ್ಕ ಕಡಿದಾಗ ಕೈಗುಂಡಿಯಿಂದ ಪೂರ್ತಿಯಾಗಿ ನಡೆಯಬೇಕು, ನಡೆಯದಿದ್ದರೆ ಅದನ್ನು ಮಾರಲು ಬಿಡಬಾರದು. 2.4 ಮಾತ್ರವೋ ಎರಡೂ ನಡೆಯುತ್ತದೋ, ಯಾವ ಸಿಮ್ ಹಿಡಿಯುತ್ತದೆ, ಕಂಪನಿಯ ಸರ್ವರ್ ಯಾವ ಇಸವಿಯವರೆಗೆ ಎಂಬ ಮೂರು ಸಂಗತಿ ಬೆಲೆಯ ಪಕ್ಕದಲ್ಲೇ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚಾಗಬೇಕು. ಸರ್ವರ್ ಮುಚ್ಚುವ ಕಂಪನಿ ಮುಚ್ಚುವ ಮೊದಲು, ಮನೆಯ ವೈಫೈ ಒಳಗೇ ಯಂತ್ರ ನಡೆಸಿಕೊಳ್ಳುವ ದಾರಿ ಬಿಟ್ಟುಕೊಡಬೇಕು. ಅದು ಆಗದ ಕೆಲಸ ಎಂಬ ನೆಪ ನಡೆಯುವುದಿಲ್ಲ. 2022ರ ಅಕ್ಟೋಬರಿನಲ್ಲಿ ದೊಡ್ಡ ಕಂಪನಿಗಳೇ ಕೂಡಿ ತಂದ ಮ್ಯಾಟರ್ ಎಂಬ ಮಾನದಂಡ, ಇಂಟರ್‌ನೆಟ್ ಇಲ್ಲದೆಯೂ ಮನೆಯೊಳಗಿನ ಯಂತ್ರಗಳು ಒಂದಕ್ಕೊಂದು ಮಾತಾಡಬಲ್ಲವು ಎಂದು ತೋರಿಸಿದೆ. ಐಚ್ಛಿಕವಾಗಿ ಬಿದ್ದಿರುವ 2021ರ ಸಂಹಿತೆಯನ್ನು ಕೇಂದ್ರ ಕಡ್ಡಾಯ ಮಾಡಬೇಕು, ಸ್ಟಾರ್ಟರ್‌ಗಳನ್ನೂ ಅದರಡಿ ತರಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಗ್ರಾಹಕನಿಗೆ ತಿಳಿಸಬೇಕಾದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದು ಸೇವಾ ನ್ಯೂನತೆ. ಸರಿಯಾದ ಬಳಕೆಯ ಸೂಚನೆ, ಎಚ್ಚರಿಕೆ ಇಲ್ಲದೆ ಮಾರಿದ ಸರಕಿನಿಂದ ಹಾನಿಯಾದರೆ ತಯಾರಕನೇ ಹೊಣೆ. ಕಂಪನಿ ಎಲ್ಲೇ ಇರಲಿ, ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗೋವಿನಕೋವಿಯವರಿಗೆ ಅದು ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗ. ವಸ್ತುವಿನ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಮೊದಲಿಗೆ ವಿಚಾರಿಸಿಕೊಳ್ಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲು, ಪೆಟ್ಟಿಗೆ, ಆ್ಯಪ್ ತೋರಿಸಿದ ದೋಷದ ಸ್ಕ್ರೀನ್‌ಶಾಟ್, ಕಂಪನಿಯ ಸಹಾಯವಾಣಿಗೆ ಕರೆ ಮಾಡಿದ ದಿನಾಂಕಗಳು ಇಷ್ಟನ್ನು ಜೋಪಾನವಾಗಿಡಿ. ತಕರಾರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು.